ಗೋಡೆಗೆ ಒರಗಿಸಿದ ಮಣೆ

ನದಿಯ ದಡದ ಆ ಆಶ್ರಮದಲ್ಲಿ ಆಕಾಶವನ್ನು ಕಲಿಸುತ್ತಿದ್ದರು. ಬಂದವರಿಗೆಲ್ಲ ಕೂರಲು ಒಂದೊಂದು ಮಣೆ. ಬಿಟ್ಟುಹೋಗುವವರು ತಮ್ಮ ಮಣೆಯನ್ನು ಗೋಡೆಗೆ ಒರಗಿಸಿ ಹೋಗಬೇಕು, ಅದು ಅಲ್ಲಿನ ಪದ್ಧತಿ.

ಹೊಸಬರಿಗೆ ಪಾಠ ಹೇಳುವ ಹೊಣೆಯನ್ನು ಗುರುಗಳು ಹಿರಿಯ ಶಿಷ್ಯ ತ್ರ್ಯಂಬಕನಿಗೆ ವಹಿಸಿ ಒಂದು ವರ್ಷವಾಗಿತ್ತು. ಅಷ್ಟರಲ್ಲಿ ಗೋಡೆಗೆ ಒಂಬತ್ತು ಮಣೆ ಒರಗಿದ್ದವು.

ಆ ಬೆಳಿಗ್ಗೆ ಹತ್ತನೆಯದೂ ಒರಗಿತು. ಅದು ಸಾವಂತ್ರಿಯದು. ಹೊಸಬರಲ್ಲಿ ಉಳಿದಿದ್ದವಳು ಅವಳೊಬ್ಬಳೇ.

ತ್ರ್ಯಂಬಕ ಅಡುಗೆಮನೆಗೆ ಓಡಿದ. ಗುರುಗಳು ಒಲೆಯ ಮುಂದೆ ಗಂಜಿ ಬೇಯಿಸುತ್ತಿದ್ದರು.

"ಸಾವಂತ್ರಿಯೂ ಹೊರಟಳು, ಗುರುಗಳೇ. ದೋಣಿಗೆ ಕಾಯುತ್ತಿದ್ದಾಳೆ. ಅವಳೂ ಹೋದರೆ ಆಶ್ರಮ ಮುಚ್ಚಿದ ಹಾಗೆಯೇ. ನೀವಾದರೂ ತಡೆಯಿರಿ."

"ಏನಾಯಿತು?"

"ನಿನ್ನೆ ಗೆಲಾಕ್ಸಿಯ ನಡುವೆ ಏನಿದೆ ಎಂದು ಕೇಳಿದಳು. ಲಕ್ಷಾಂತರ ಸೂರ್ಯರ ತೂಕದ ಕಪ್ಪುಕುಳಿ ಇದೆ ಎಂದೆ. ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಉಳಿದದ್ದನ್ನೂ ಹೇಳಿದೆ. ಊಟದ ಹೊತ್ತಿನವರೆಗೂ ಹೇಳಿದೆ. ಒಂದಕ್ಷರ ಬಚ್ಚಿಡಲಿಲ್ಲ."

ಗುರುಗಳು ಊದುಗೊಳವೆ ಚಾಚಿದರು. "ಬೆಂಕಿ ಮಂದವಾಗಿದೆ. ಊದು."

ತ್ರ್ಯಂಬಕ ಅವಸರದಲ್ಲಿ ಅದನ್ನು ತೆಗೆದುಕೊಂಡ. ಇದ್ದ ಉಸಿರನ್ನೆಲ್ಲ ಕೂಡಿಸಿ ಊದಿದ. ಕೆಂಡ ಚೆಲ್ಲಾಪಿಲ್ಲಿಯಾಯಿತು. ಬೂದಿ ಹಾರಿ ಗಂಜಿಗೂ ಬಿತ್ತು, ಗುರುಗಳ ಗಡ್ಡಕ್ಕೂ ಬಿತ್ತು. ಒಲೆ ಆರಿತು.

ಗುರುಗಳು ಗಡ್ಡ ಒರೆಸಿಕೊಂಡರು. "ಕೆಲವು ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರ ಹುಟ್ಟುವುದೇ ನಿಂತುಹೋಗಿದೆ. ಯಾಕಪ್ಪಾ?"

ಪಾಠ ತಾನಾಗಿ ಬಾಯಿಗೆ ಬಂತು. "ನಕ್ಷತ್ರ ಹುಟ್ಟಬೇಕಾದರೆ ಅನಿಲ ತಣ್ಣಗಾಗಿ ಒಂದೆಡೆ ಕೂಡಬೇಕು. ಕಪ್ಪುಕುಳಿ ವಿಪರೀತ ನುಂಗುವಾಗ ಎಲ್ಲವೂ ಒಳಗೆ ಬೀಳುವುದಿಲ್ಲ. ಸುತ್ತಲಿಂದ ಬಿರುಗಾಳಿ ಏಳುತ್ತದೆ. ಅದು ಅನಿಲವನ್ನು ಕಾಯಿಸಿ ಹೊರಕ್ಕೆ ಅಟ್ಟುತ್ತದೆ. ಆಮೇಲೆ..."

ಮಾತು ಅಲ್ಲಿಗೇ ನಿಂತಿತು. ಆರಿದ ಒಲೆ ನೋಡಿದ. ಬಾಗಿಲಾಚೆಯ ಗೋಡೆ ನೋಡಿದ. ನಾಚಿಕೆಯಿಂದ ಮುಖ ಇಳಿಯಿತು.

"ನಡುವೆ ಕೂತವನು ನಾನೇ" ಎಂದ.

"ನಡುವೆ ಯಾರಾದರೂ ಕೂರಲೇಬೇಕು. ಅದು ತಪ್ಪಲ್ಲ" ಎಂದರು ಗುರುಗಳು.

ತ್ರ್ಯಂಬಕ ನದಿಗೆ ಓಡಿದ. ಸಾವಂತ್ರಿ ಗಂಟು ಎತ್ತಿಕೊಂಡಿದ್ದಳು.

"ನಿನ್ನೆ ನೀನು ಏನೋ ಹೇಳಲು ಹೊರಟಿದ್ದೆ, ತಂಗೀ. ಏನದು?"

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅವನೂ ಸುಮ್ಮನಿದ್ದ. ಅವನಿಗೆ ಅದೇನೂ ಸುಲಭವಿರಲಿಲ್ಲ. ದೋಣಿ ಬಂತು, ಹೋಯಿತು.

"ಗೆಲಾಕ್ಸಿಯ ಮುಂದೆ ಆ ಕುಳಿ ತೀರಾ ಚಿಕ್ಕದಲ್ಲವೇನಣ್ಣಾ? ಅಷ್ಟು ಚಿಕ್ಕದರ ಮಾತು ಅಷ್ಟು ದೂರ ಹೇಗೆ ನಡೆಯುತ್ತದೆ?"

"ಪೂರ್ತಿ ನನಗೂ ಗೊತ್ತಿಲ್ಲ" ಎಂದ ತ್ರ್ಯಂಬಕ. ಆ ಮಾತನ್ನು ಅವನು ಆಡಿದ್ದು ಅದೇ ಮೊದಲು.

ಇಬ್ಬರೂ ಮರಳಿದಾಗ ಗುರುಗಳು ಚೆಲ್ಲಿದ ಕೆಂಡಗಳನ್ನು ಕೂಡಿಸಿ ಮೆಲ್ಲಗೆ ಊದುತ್ತಿದ್ದರು. ಒಲೆ ಹತ್ತಿತ್ತು.

"ಇವಳ ಪ್ರಶ್ನೆಗೆ ಏನು ಹೇಳಲಿ, ಗುರುಗಳೇ?"

"ಇಷ್ಟು ದಿನ ಉತ್ತರಕ್ಕೆ ಮಣೆ ಹಾಕಿದೆ. ಈಗ ಕೇಳಿದವಳಿಗೆ ಹಾಕು."