ಪಕ್ಕದ ಮನೆಯ ಹೆಪ್ಪು

ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಗೋಡೆಗೆ ಒರಗಿದವರು ನಿದ್ದೆ ಹೋಗ್ತೀರಿ, ಈಚೆ ಬನ್ನಿ. ನಮ್ಮತ್ತೆ ಬಾಯಲ್ಲಿ ಕೇಳಿದ್ದು, ನೆನಪಿರೋವಷ್ಟು ಹೇಳ್ತೀನಿ.

ಒಂದು ಹೊಳೆ. ಈಚೆ ದಡದಲ್ಲಿ ಒಂದು ಮಠ. ಮಠದಲ್ಲೊಬ್ಬ ಗುರು, ಎಲ್ಲರ ಬಾಯಲ್ಲೂ ಅಜ್ಜಯ್ಯ. ಅವರಿಗೊಬ್ಬ ಶಿಷ್ಯ, ಶಂಭುಲಿಂಗ. ಕೆಲಸಕ್ಕೆ ಗಟ್ಟಿಗ, ತಾಳ್ಮೆ ಮಾತ್ರ ಸಾಸಿವೆಯಷ್ಟು.

ಇಬ್ಬರು ರಾಜರ ಜಗಳದಲ್ಲಿ ಆಚೆ ದಡದ ಊರು ಎರಡು ಪಾಲಾಯಿತು. ದಂಡು ಬಂದಾಗ ಸೋತ ಪಾಲಿನ ಮೂವತ್ತು ಮನೆಯವರು ಹರಿಗೋಲು ಹತ್ತಿ ಮಠಕ್ಕೆ ಬಂದುಬಿದ್ದರು. ಮೂರು ವರ್ಷ ಇಲ್ಲೇ ಉಂಡರು, ಇಲ್ಲೇ ಹೆತ್ತರು.

ಕೊನೆಗೆ ಜಗಳ ಮುಗಿಯಿತು. ಡಂಗುರ ಹೊಡೆದರು. ಈ ಮುಂಗಾರಿಗೆ ಬಂದು ಬಿತ್ತಿದವರ ಹೊಲ ಅವರಿಗೇ, ಬಾರದವರದು ಬೇರೆಯವರ ಪಾಲು.

"ದಾಟಿಸಿ ಬಾ," ಅಂದರು ಅಜ್ಜಯ್ಯ.

ಶಂಭುಲಿಂಗ ಹರಿಗೋಲು ತಂದ. ಎಲ್ಲರೂ ಗಂಟುಮೂಟೆ ಹೊತ್ತು ದಡಕ್ಕೆ ಬಂದರು, ಕೂತರು, ಬಿಸಿಲೇರಿದ ಮೇಲೆ ಎದ್ದು ವಾಪಸು ಬಂದರು. ಆವತ್ತು ಮಂಗಳವಾರವಂತೆ.

ಸೂರಿಲ್ಲ ಅಂತ ಹೆದರ್ತಾರೇನೋ ಅಂದುಕೊಂಡು ಆಳುಗಳ ಜೊತೆ ತಾನೇ ಹೋಗಿ ಮನೆಗಳಿಗೆ ಹುಲ್ಲು ಹೊದಿಸಿದ. ಬಂದರೆ ಮಗುವಿಗೆ ಕೆಮ್ಮು. ಬಿತ್ತನೆ ಬೀಜ ಕೊಟ್ಟ. ಎಮ್ಮೆ ಗಬ್ಬವಂತೆ.

ಅವರಲ್ಲೊಬ್ಬಳು ಕೆಂಚವ್ವ, ಗಂಡನನ್ನು ಆ ದಂಡಿಗೇ ಕಳಕೊಂಡವಳು. ಅವಳು ಕಾಲೆತ್ತಿದರೆ ಮಿಕ್ಕವರೂ ಎತ್ತೋರು. ಅವಳೋ ಹರಿಗೋಲಿಗೆ ಒಂದು ಕಾಲಿಟ್ಟು, ಮತ್ತೆ ತೆಗೆದಳು.

ಶಂಭುಲಿಂಗ ಹರಿಗೋಲಿನ ಹುಟ್ಟನ್ನು ಮಠದ ಅಂಗಳಕ್ಕೆ ಎಸೆದ.

"ನನ್ನ ಕೈಲಾಗಲ್ಲ ಅಜ್ಜಯ್ಯ. ದಂಡು ಹೋಯ್ತು, ಸೂರಾಯ್ತು, ಬೀಜವೂ ಆಯ್ತು. ಇವರಿಗೆ ಮಠದ ಮುದ್ದೆ ರುಚಿ ಹತ್ತಿದೆ. ಒಲೆ ಆರಿಸಿ, ನಾಳೇನೇ ದಾಟ್ತಾರೆ."

"ಅವರನ್ನ ಕೇಳಿದೆಯಾ?"

"ದಿನಾ ಕೇಳ್ತೀನಿ, ಯಾವಾಗ ಹೋಗ್ತೀರಿ ಅಂತ."

"ಅದು ಕೇಳೋದಲ್ಲ ಕಣೋ, ಅಟ್ಟೋದು."

ಕೆಂಚವ್ವ ಸೊಪ್ಪು ಬಿಡಿಸ್ತಾ ಕೂತಿದ್ದಳು. ಶಂಭುಲಿಂಗ ಹೋಗಿ ಎದುರಿಗೆ ಕೂತ.

"ಏನಿದೆ ನಿಮ್ಮ ಮನಸ್ಸಲ್ಲಿ, ಹೇಳಿಬಿಡಿ ತಾಯಿ."

"ಹೋಗ್ತೀನಿ. ಹಾಲೂ ಕಾಯಿಸ್ತೀನಿ. ಹೆಪ್ಪು ಯಾರನ್ನ ಕೇಳ್ಲಿ?"

ಅವರೂರ ಪದ್ಧತಿ ಅದು. ಬಿಟ್ಟ ಮನೆಗೆ ಮತ್ತೆ ಕಾಲಿಟ್ಟವರು ಮೊದಲ ದಿನದ ಹಾಲಿಗೆ ಪಕ್ಕದ ಮನೆಯಿಂದಲೇ ಹೆಪ್ಪು ತರಬೇಕು. ಕೊಟ್ಟರೆ ಊರು ಒಳಗೆ ಕರಕೊಂಡಂತೆ.

ಶಂಭುಲಿಂಗನಿಗೆ ನಗು ಬಂತು. ಓಡಿಹೋಗಿ ಮಠದ ಅಡುಗೆಮನೆಯಿಂದ ಒಂದು ಕುಡಿಕೆ ಮೊಸರು ತಂದುಕೊಟ್ಟ. ಕೆಂಚವ್ವ ಅವನನ್ನು ಎಳೆಗರುವನ್ನು ನೋಡಿದಂಗೆ ನೋಡಿ, ಮತ್ತೆ ಸೊಪ್ಪು ಬಿಡಿಸೋಕೆ ಶುರುಮಾಡಿದಳು.

"ಒಂದು ಚಮಚ ಮೊಸರಿಗೆ ಹೊಲ ಬಿಡ್ತಾಳಂತೆ ಅಜ್ಜಯ್ಯ," ಅಂತ ತಲೆ ಚಚ್ಚಿಕೊಂಡ.

ಅಜ್ಜಯ್ಯ ಒಂದು ಚೊಂಬು ಹಾಲು ಕೈಗಿಟ್ಟರು. "ಅವಳ ಪಕ್ಕದ ಮನೆಯಿಂದ ನೀನೇ ಇಸ್ಕೊಂಡು ಹೆಪ್ಪು ಹಾಕಿ ಬಾ. ಒಂದು ಚಮಚ ತಾನೆ."

ಹೊಳೆ ದಾಟಿದ. ಪಕ್ಕದ ಮನೆಯ ಪುಟ್ಟೀರಮ್ಮ ಬಾಗಿಲಿಗೆ ಬಂದಳು.

"ಯಾರ ಮನೆ ಹಾಲಪ್ಪಾ?"

"ಕೆಂಚವ್ವನ ಮನೇದು."

ಬಾಗಿಲು ಹಾಕಿಕೊಂಡಳು. ಸಂಜೆ ಹೊತ್ತಿಗೆ ಹಾಲು ಒಡೆಯಿತು.

ಮಾರನೇ ದಿನವೂ ಅದೇ ಕಥೆ. ಮೂರನೇ ದಿನ ಬಾಗಿಲ ಹಿಂದಿನಿಂದ ಮಾತು ಬಂತು.

"ಯಾವ ಮನೆ ಅಂತ ದಂಡಿನವರು ಕೇಳಿದಾಗ ಕೈ ತೋರಿಸಿದ್ದು ನನ್ನ ಗಂಡ. ಯಾವ ಮುಖ ಇಟ್ಕೊಂಡು ಕೊಡ್ಲಿ? ಕೊಟ್ಟರೆ ಅವಳು ಮುಟ್ತಾಳಾ?"

ಶಂಭುಲಿಂಗ ಚೊಂಬು ಕೆಳಗಿಟ್ಟ. ಜಗಲಿ ಮೇಲೆ ಕೂತ.

ದಿನಾ ಹೋಗಿ ಕೂತ. ರೋಹಿಣಿ ಮಳೆ ಹೋಯಿತು, ಮೃಗಶಿರ ಹಿಡಿಯಿತು. ಬಿತ್ತನೆಗೆ ಇನ್ನು ನಾಲ್ಕೇ ದಿನ.

ಒಂದು ಬೆಳಿಗ್ಗೆ ಪುಟ್ಟೀರಮ್ಮ ಹೆಪ್ಪಿನ ಬಟ್ಟಲು ಹಿಡಕೊಂಡು ಆಚೆ ದಡಕ್ಕೆ ಬಂದು ನಿಂತಳು.

ಈಚೆ ದಡದಲ್ಲಿ ಕೆಂಚವ್ವ ಅವಳನ್ನು ನೋಡಿದಳು.

"ಅವಳ ಮನೆ ಮೊಸರು ಯಾವತ್ತೂ ಹುಳಿ," ಅಂತ ಗೊಣಗಿ ಹರಿಗೋಲು ಹತ್ತಿದಳು.

ಅವಳ ಹಿಂದೆ ಹದಿನೆಂಟು ಮನೆಯವರು ದಾಟಿದರು, ಅವರಿಗೂ ಪಕ್ಕದ ಮನೆಗಳಿಂದ ಹೆಪ್ಪು ಸಿಕ್ಕಿತು. ಕೆಂಚವ್ವ ಆ ವರ್ಷ ಬಿತ್ತಿದಳು, ಬೆಳೆದಳು. ಪುಟ್ಟೀರಮ್ಮನ ಗಂಡನ ಜೊತೆ ಅವನು ಸಾಯೋವರೆಗೂ ಮಾತಾಡಲಿಲ್ಲ. ಪುಟ್ಟೀರಮ್ಮ ವಿಧವೆಯಾದ ದಿನ ಗಂಜಿ ಕಾಯಿಸಿಕೊಂಡು ಹೋದವಳು ಮಾತ್ರ ಅವಳೇ. ಉಳಿದ ಹನ್ನೊಂದು ಮನೆಯವರಿಗೆ ಆ ಊರಲ್ಲಿ ಯಾವ ಬಾಗಿಲೂ ತೆರೆಯಲಿಲ್ಲ. ಅವರ ಹೊಲ ಯಾರದೋ ಆಯಿತು. ಮಠದ ಬೆನ್ನಿಗೇ ಗುಡಿಸಲು ಕಟ್ಟಿಕೊಂಡರು. ಶಂಭುಲಿಂಗ ಮಠಕ್ಕೆ ಹಿರಿಯನಾದ. ಅಜ್ಜಯ್ಯ ಹಾಸಿಗೆ ಹಿಡಿದರು.

ಕೊನೇ ದಿನ ಕಾಲೊತ್ತುತ್ತಾ ಕೇಳಿದನಂತೆ ಪುಣ್ಯಾತ್ಮ, ಅಷ್ಟೆಲ್ಲಾ ಕಂಡ ಮೇಲೂ:

"ಅಜ್ಜಯ್ಯ, ಆ ಹನ್ನೊಂದು ಮನೆಯವರು ಇನ್ನೂ ಇಲ್ಲೇ ಇದ್ದಾರೆ. ಏನು ಹೇಳಿ ದಾಟೋಕೆ ಒಪ್ಪಿಸಲಿ ಅವರನ್ನ?"

ಅಜ್ಜಯ್ಯ ಕಣ್ಣು ಮುಚ್ಚಿಕೊಂಡೇ ಅಂದರು.

"ಇನ್ನೂ ಇವರಿಗೇ ಹೇಳ್ತೀಯಲ್ಲೋ. ಹರಿಗೋಲು ಹತ್ತು, ಬಾಗಿಲು ಇರೋದು ಆ ದಡದಲ್ಲಿ."