ಕನಸಿನ ತೀರ್ಪು

ತಾಲೂಕು ಕೋರ್ಟಿಗೆ ಹೊಸದಾಗಿ ಬಂದ ಜಡ್ಜ್ ಸಾಹೇಬರು ಮೊದಲ ವಾರವೇ ಒಂದು ನಿಯಮ ಮಾಡಿ ಬಾಗಿಲಿಗೆ ಅಂಟಿಸಿದರು. ಕಲಾಪದ ವೇಳೆ ತೂಕಡಿಸಿದರೆ ಅದು ನ್ಯಾಯಾಂಗ ನಿಂದನೆ, ಶಿಕ್ಷೆ ತಪ್ಪದು.

ಕಕ್ಷಿದಾರರ ಹೆಸರು ಕೂಗುವ ಜವಾನ ದೊಡ್ಡವೀರಯ್ಯ ಅಂದು ಬೆಳಿಗ್ಗೆಯೇ ಮೂರು ಹಳ್ಳಿ ನಡೆದು ಸಮನ್ಸ್ ಕೊಟ್ಟು ಬಂದಿದ್ದ. ಮಧ್ಯಾಹ್ನ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ವಕೀಲರ ವಾದ ದೂರದ ಹೊಳೆಯ ಸದ್ದಿನಂತೆ ಕೇಳುತ್ತಿತ್ತು. ನಿಂತಲ್ಲೇ ಅವನು ಆ ಹೊಳೆಯಲ್ಲಿ ತೇಲಿಹೋದ.

ಸಾಹೇಬರು ಮೇಜು ಕುಟ್ಟಿದಾಗಲೇ ಎಚ್ಚರ.

"ನ್ಯಾಯಾಂಗ ನಿಂದನೆ ಮಾಡಿದ್ದೀಯ! ಜೈಲಿಗೆ ಕಳಿಸಲೇ?"

ದೊಡ್ಡವೀರಯ್ಯನ ನಿವೃತ್ತಿಗೆ ಎರಡೇ ತಿಂಗಳಿತ್ತು. ಕನಸು ಇನ್ನೂ ಕಣ್ಣಲ್ಲೇ ಇತ್ತು. ಕೈಮುಗಿದು ಹೇಳಿದ:

"ಮಹಾಸ್ವಾಮಿ, ಕನಸಲ್ಲೂ ಇದೇ ಕೋರ್ಟು, ತಾವೇ ಕೂತಿದ್ರಿ. ತೂಕಡಿಸಿದ್ದಕ್ಕೆ ನನ್ನ ವಿಚಾರಣೆ ಮಾಡಿ, ಬುದ್ಧಿ ಹೇಳಿ ಬಿಟ್ಟುಬಿಟ್ರಿ. ಒಂದೇ ತಪ್ಪಿಗೆ ಎರಡು ಸಲ ವಿಚಾರಣೆ ಉಂಟೇ?"

ಸಾಹೇಬರು ಹುಬ್ಬು ಗಂಟಿಕ್ಕಿದರು. "ಆ ತೀರ್ಪಿನ ನಕಲು ಎಲ್ಲಿ?"

"ಅರ್ಜಿ ಹಾಕಿದ್ದೆ, ಮಹಾಸ್ವಾಮಿ. ಕೈಗೆ ಬರೋ ಹೊತ್ತಿಗೆ ತಾವು ಎಬ್ಬಿಸಿಬಿಟ್ರಿ."

ಸಾಹೇಬರು ಕಡತದ ಹಿಂದೆ ಮುಖ ಮರೆಸಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಗಂಭೀರವಾಗಿ ಅಪ್ಪಣೆ ಮಾಡಿದರು:

"ಹೋಗು, ವರಾಂಡದ ಬೆಂಚಿನ ಮೇಲೆ ಅರ್ಧ ಗಂಟೆ ಮಲಗಿ, ಆ ನಕಲು ತಗೊಂಡು ಬಾ."