ಬುಧವಾರದ ಉಪವಾಸ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಬಾಳಪ್ಪನವರು. ಅವರಿಗೆ ಹೇಳಿದಾಕೆ ತಿಪ್ಪವ್ವನೆಂಬ ಮುದುಕಿ, ಎಲ್ಲವನ್ನೂ ಹತ್ತಿರ ನಿಂತು ಕಂಡವಳು. ಕೇಳಿದ್ದನ್ನು ಕೇಳಿದ ಹಾಗೆಯೇ, ಹೆಚ್ಚುಕಡಿಮೆ ಮಾಡದೆ ಇಲ್ಲಿ ಇಡುತ್ತಿದ್ದೇನೆ.

ಪೂಜ್ಯ ಶ್ರೀ ಅಮೃತಯ್ಯಜ್ಜನವರು ಆ ಕಾಲದಲ್ಲಿ ನಾಗರಕಟ್ಟಿಯ ಹಳ್ಳದ ದಂಡೆಯ ಮೇಲಿನ ಮುರುಕು ಮಂಟಪದಲ್ಲಿ ವಾಸವಾಗಿದ್ದರು. ಮಠವೆಂದರೆ ಅಷ್ಟೇ. ನಾಲ್ಕು ಕಂಬ, ಒಂದು ಮಗ್ಗುಲು ಕುಸಿದ ಸೂರು, ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಉಡಲು ಎರಡು ಕಾವಿ ಪಂಚೆ, ಹೊದೆಯಲು ತೇಪೆಯ ಮೇಲೆ ತೇಪೆ ಬಿದ್ದ ಒಂದು ಕೌದಿ. ದಿನಕ್ಕೆ ಐದು ಮನೆಯ ಭಿಕ್ಷೆ. ಆರನೆಯ ಬಾಗಿಲಿಗೆ ಅವರು ಹೋದದ್ದನ್ನು ಯಾರೂ ಕಂಡಿಲ್ಲ. ಬಂದ ಭಿಕ್ಷೆಯಲ್ಲಿ ಅರ್ಧ ರೊಟ್ಟಿಯನ್ನು ಪ್ರಸಾದವೆಂದು ತಾವು ಸ್ವೀಕರಿಸಿ, ಮಿಕ್ಕದ್ದನ್ನು ಬಂದವರಿಗೆ ಬಡಿಸಿಬಿಡುತ್ತಿದ್ದರು. ಮಾತು ಬಲು ಕಡಿಮೆ.

ಅದೇ ಊರಲ್ಲಿ ಕಂಬಳಿ ನೇಯುವ ಮಾಳಿಂಗಪ್ಪ ಎಂಬವನಿದ್ದ. ಮಂಟಪದ ಮುಂದಿನ ದಾರಿಯಲ್ಲೇ ದಿನಾ ಓಡಾಡಿದರೂ ಒಮ್ಮೆಯೂ ಒಳಗೆ ಬಂದವನಲ್ಲ. ದುಡಿಯದೆ ಉಣ್ಣುವವರ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಅದೂ ಅಲ್ಲದೆ, ಹೋದರೆ ಕಾಣಿಕೆ ಇಡಬೇಕಾದೀತೆಂಬ ಅಂಜಿಕೆ.

ಅವನು ಹುಟ್ಟಾ ಜಿಪುಣನಲ್ಲ. ಒಂದು ವರ್ಷ ಕುರಿಗಳಿಗೆ ಬೇನೆ ಬಂದು ಹಟ್ಟಿಗೆ ಹಟ್ಟಿಯೇ ಖಾಲಿಯಾಯಿತು. ಸಾಲ ತಂದು ಹೊಸ ಮಂದೆ ಕಟ್ಟಿದ. ಅದೂ ಉಳಿಯಲಿಲ್ಲ. ಸಾಲ ಮಾತ್ರ ಉಳಿಯಿತು. ಅಲ್ಲಿಂದ ಒಂಬತ್ತು ವರ್ಷ ಗಂಡ ಹೆಂಡತಿ ಇಬ್ಬರೂ ಕಂಡವರ ಉಣ್ಣೆ ತಂದು ಹಿಂಜಿ, ನೂತು, ನೇಯ್ದರು. ಬುಧವಾರ ನಾಗರಕಟ್ಟಿಯ ಸಂತೆ. ಕಂಬಳಿ ಮಾರಿ ಮನೆಗೆ ಬರುವಷ್ಟರಲ್ಲಿ ಸಾಹುಕಾರನ ಗುಮಾಸ್ತ ಅಂಗಳದಲ್ಲಿ ನಿಂತಿರುತ್ತಿದ್ದ. "ಏ ಮಾಳಿಂಗ್ಯಾ, ಹೊರಗ ಬಾರೋ! ಸಾಲ ತಗೊಳ್ಳಾಗ ಕಾಲು ಉದ್ದ ಇದ್ದುವು, ಈಗ ಗಿಡ್ಡ ಆದುವೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಆ ಕೂಗು ಮಾಳಿಂಗಪ್ಪನ ಎಲುಬಿಗೆ ಇಳಿದುಬಿಟ್ಟಿತು.

ಅಂತೂ ಒಂದು ದಿನ ಸಾಲ ತೀರಿತು. ಹರಿದ ಸಾಲಪತ್ರವನ್ನು ಕೈಯಲ್ಲಿ ಹಿಡಿದು ಅವನು ಮನೆಗೆ ಬಂದಾಗ ಹೆಂಡತಿ ಮಾಯವ್ವ ಬಾಗಿಲಲ್ಲೇ ನಿಂತಿದ್ದಳು.

"ಇವತ್ತ ಒಂದಿಷ್ಟು ಹೋಳಿಗಿ ಮಾಡ್ಲ್ಯಾ?" ಎಂದಳು.

"ಬ್ಯಾಡ. ಈಗಷ್ಟ ಕೈ ಬರಿದಾಗೇತಿ. ಮತ್ತ ಏನರ ಬ್ಯಾನಿ ಬಂದ್ರ ಆ ಸಾಹುಕಾರನ ಕಟ್ಟಿಗೇ ಹೋಗಿ ನಿಲ್ಲೂಣೇನು? ಮೊದಲು ಒಂದು ವರ್ಷದ ಕೂಳು ಕೂಡಿಬೀಳಲಿ."

ಅವಳು ಒಳಗೆ ಹೋದಳು.

ಒಂದು ವರ್ಷದ ಕೂಳು ಕೂಡಿಬಿತ್ತು. ಎರಡು ವರ್ಷದ್ದಾಗಲಿ ಎಂದ. ಅದೂ ಆಯಿತು. ಮೂರು ಎಂದ. ಮನೆ ಮಾತ್ರ ಸಾಲದ ದಿನಗಳಲ್ಲಿ ಹೇಗಿತ್ತೋ ಹಾಗೆಯೇ ನಡೆಯಿತು. ಅದೇ ನೀರು ಸಾರು, ಎಣಿಸಿ ತಟ್ಟಿದ ಅದೇ ರೊಟ್ಟಿ. ಪಕ್ಕದ ಮನೆಯ ತಿಪ್ಪವ್ವನ ಬಾಯಿ ಸುಮ್ಮನಿರುವ ಬಾಯಲ್ಲ. "ಮಾಳಿಂಗಪ್ಪಾ, ನಿಮ್ಮ ಮನಿ ಬೆಕ್ಕು ಉಪಾಸ ಬಿಡಾಕ ನಮ್ಮ ಮನಿಗೆ ಬರತೈತಿ ನೋಡಪ್ಪ!" ಎಂದು ಕಟ್ಟೆಯ ಮೇಲಿಂದ ಅನ್ನುತ್ತಿದ್ದಳು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನಿಗೆ ಒಂದು ಹೆಮ್ಮೆಯಿತ್ತು. ತನ್ನ ಹೆಂಡತಿಯಂಥ ದೈವಭಕ್ತೆ ಓಣಿಯಲ್ಲೇ ಇಲ್ಲ ಎಂಬುದು. ಸೋಮವಾರ, ಗುರುವಾರ, ಶನಿವಾರ ಒಪ್ಪತ್ತು. ಬುಧವಾರವಂತೂ ಹನಿ ಅಂಬಲಿಯೂ ಇಲ್ಲದ ಉಪವಾಸ.

ಮೂರನೆಯ ವರ್ಷದ ಶ್ರಾವಣದಲ್ಲಿ ಮಾಯವ್ವ ಉಣ್ಣೆ ಹಿಂಜುತ್ತ ಕುಳಿತಲ್ಲೇ ಹೊರಳಿ ಬಿದ್ದಳು. ಮುಖ ತೊಳೆದು ಎಬ್ಬಿಸಿದರೆ ಮತ್ತೆ ಎರಡು ದಿನಕ್ಕೆ ಬಿದ್ದಳು. ಪಾದ ಊದಿದವು, ಕಣ್ಣು ಬೆಳ್ಳಗಾದವು. ಪಂಡಿತನ ಮದ್ದಿಗೆ ನಾಲ್ಕು ರೂಪಾಯಿ ಎಂದು ಕೇಳಿ ಮಾಳಿಂಗಪ್ಪ ಅಲ್ಲಿಂದ ಹಿಂದಿರುಗಿದ. ಅಜ್ಜನವರ ವಿಭೂತಿಗೆ ಬೆಲೆ ಇಲ್ಲವಷ್ಟೆ. ಅವಳ ಒಂದು ರಟ್ಟೆಯನ್ನು ತಿಪ್ಪವ್ವನ ಕೈಗೆ ಕೊಟ್ಟು, ಒಂದನ್ನು ತಾನು ಹಿಡಿದು ಮಂಟಪಕ್ಕೆ ಕರೆತಂದ.

ಅಜ್ಜನವರು ಕೌದಿಗೆ ತೇಪೆ ಹಚ್ಚುತ್ತ ಕುಳಿತಿದ್ದರು. ಮಾಯವ್ವನನ್ನು ಕಂಬಕ್ಕೆ ಒರಗಿಸಿ ಕೂರಿಸಿದ ಮಾಳಿಂಗಪ್ಪ ನಮಸ್ಕಾರಕ್ಕಿಂತ ಮೊದಲು ದೂರನ್ನೇ ಹೇಳಿದ.

"ಅಜ್ಜಾರ, ಈಕಿ ನಾಲ್ಕು ವಾರ ಮಾಡತಾಳ. ಬುಧವಾರ ನೀರು ಬಿಟ್ರ ಏನೂ ಮುಟ್ಟಂಗಿಲ್ಲ. ಇಂಥಾಕಿಗೇ ದೇವರು ಹಿಂಗ ಮಾಡ್ಯಾನಂದ್ರ ಅವ ಇದ್ದೂ ಏನು? ಮತ್ತ ಇನ್ನೊಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನೀವೂ ಅರ್ಧ ರೊಟ್ಟಿ ತಿಂತೀರಿ, ಹರಕು ಕೌದಿ ಹೊಚ್ಚತೀರಿ. ನಿಮಗ ಜನ ಕಾಲು ಬೀಳತಾರ. ನಾವೂ ಹಂಗೇ ಬಾಳೇ ಮಾಡತೀವಿ, ನಮಗ ಜಿಪುಣ ಅಂತಾರ. ಏನ್ರೀ ಫರಕು?"

ಅಜ್ಜನವರು ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಮಾಯವ್ವನ ಕಡೆ ತಿರುಗಿದರು.

"ತಾಯೀ, ಸೋಮವಾರ ಯಾವ ದೇವರ ವಾರ?"

"ಈಶ್ವರಂದ್ರೀ ಯಪ್ಪಾ."

"ಗುರುವಾರ?"

"ಗುರುವಿಂದು."

"ಶನಿವಾರ?"

"ಹನುಮಪ್ಪಂದು."

"ಬುಧವಾರ ಯಾವ ದೇವರದವ್ವ?"

ಮಾಯವ್ವ ತಲೆ ತಗ್ಗಿಸಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಜ್ಜನವರು ಅವಸರ ಮಾಡಲಿಲ್ಲ. ಕೊನೆಗೆ ಅವಳು ಗಂಡನಿಗೆ ಕೇಳಿಸಬಾರದೆಂಬಂತೆ ಸಣ್ಣ ದನಿಯಲ್ಲಿ ಹೇಳಿದಳು.

"ಬುಧವಾರ ದೇವರದಲ್ರೀ ಯಪ್ಪಾ. ಬುಧವಾರ ಗುಮಾಸ್ತ ಬರತಿದ್ದ. ಒಂದು ಸಲ ರೊಕ್ಕ ಒಂದು ಸೇರು ಜ್ವಾಳದಷ್ಟು ಕಡಿಮಿ ಬಿತ್ತು. ಇವರು ನನ್ನ ಮಾರಿ ನೋಡಿದ್ರು. ನಾ ಇವತ್ತು ವಾರ ಐತಿ, ನನಗ ಜ್ವಾಳ ಬ್ಯಾಡ ಅಂದೆ. ಅವತ್ತಿಂದ ಹಂಗೇ ನಡೀತು."

"ಸಾಲ ತೀರಿ ಮೂರು ವರ್ಷ ಆತಲ್ಲ ತಾಯಿ."

"ಬಿಡು ಅಂತ ಯಾರೂ ಅನ್ನಲಿಲ್ರೀ."

ತಿಪ್ಪವ್ವ ಬಾಯಿಗೆ ಸೆರಗು ಹಿಡಿದಳು. ಮಾಳಿಂಗಪ್ಪ ಹನ್ನೆರಡು ವರ್ಷ ಊರ ಮುಂದೆ ಹೇಳಿಕೊಂಡು ಹೆಮ್ಮೆಪಟ್ಟ ಭಕ್ತಿ ಅದು. ಅವನ ಕಣ್ಣೆದುರು ಆ ಎಲ್ಲ ಬುಧವಾರಗಳು ಒಂದರ ಹಿಂದೊಂದು ಬಂದು ನಿಂತವು. ತಾನು ಉಣ್ಣುತ್ತಿದ್ದದ್ದು, ಅವಳು ಗೋಡೆಯ ಕಡೆ ಮುಖ ಮಾಡಿ ನೂಲುತ್ತಿದ್ದದ್ದು.

ಆಗ ಅಜ್ಜನವರು ಅವನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನು ಮುಂದೆ ಎಷ್ಟೋ ಸಲ ಅಂದುಕೊಂಡನಂತೆ.

"ಫರಕು ಕೇಳಿದೆಲ್ಲ ಮಾಳಿಂಗಪ್ಪಾ. ನನ್ನ ಉಪಾಸ ನನ್ನ ಹೊಟ್ಟಿಯದು. ನಿಂದು ಯಾರ ಹೊಟ್ಟಿಯದು?"

ಅವನು ಅಜ್ಜನವರ ಪಾದದ ಮೇಲೆ ಬಿದ್ದ. "ಕೂಡಿಟ್ಟದ್ದೆಲ್ಲ ತಂದು ನಿಮ್ಮ ಪಾದಕ್ಕ ಸುರೀತೀನ್ರೀ" ಎಂದ.

"ನನ್ನ ಪಾದಕ್ಕ ಹಸಿವಿಲ್ಲ. ಕೂಡಿಡು, ಬ್ಯಾಡ ಅನ್ನಂಗಿಲ್ಲ. ಉಣಿಸಿ ಉಳಿದದ್ದನ್ನ ಕೂಡಿಡು" ಎಂದು ಅಪ್ಪಣೆ ಕೊಡಿಸಿದರು.

ಅಂದೂ ಬುಧವಾರವೇ. ಅಜ್ಜನವರು ಎದ್ದು, ತಮ್ಮ ಪಾಲಿನ ಅರ್ಧ ರೊಟ್ಟಿಯನ್ನು ಹಾಲಲ್ಲಿ ಕಿವುಚಿ ಮಾಯವ್ವನ ಮುಂದೆ ಇಟ್ಟರು. "ಬುಧವಾರ ನನಗ ಕೊಟ್ಟುಬಿಡು ತಾಯಿ. ಇನ್ನ ಮ್ಯಾಲ ಆ ಉಪಾಸ ನಂದು" ಎಂದರು. ಅವಳು ಅಂಜುತ್ತ ಒಂದು ತುತ್ತು ಎತ್ತಿದಳು. ಎರಡು ಉಂಡಳು. ಮೂರನೆಯದು ಗಂಟಲಿನಿಂದ ಇಳಿಯಲಿಲ್ಲ. ಅಜ್ಜನವರು ಕಣ್ಣು ಮುಚ್ಚಿಕೊಂಡರು. ಏನಾಗಲಿದೆಯೆಂದು ಅವರಿಗೆ ಆಗಲೇ ತಿಳಿದಿತ್ತೆಂದು ತಿಪ್ಪವ್ವ ಹೇಳುತ್ತಿದ್ದಳು.

ಮನೆಗೆ ಹೋಗುವ ದಾರಿಯಲ್ಲಿ ಮಾಳಿಂಗಪ್ಪ ಕೇಳಿದ. "ಬುಧವಾರ ಹೆಂಗ ತಡಕೊಂತಿದ್ದೆಲೇ?"

"ನೂಲಿಗೆ ಹಚ್ಚೂ ಹುಣಸಿ ಬೀಜದ ಗಂಜಿ ಗಡಿಗ್ಯಾಗ ಒಂದೀಟು ಉಳೀತಿತ್ತಲ್ಲ" ಎಂದಳು ಅವಳು. ಏನೋ ಕದ್ದು ಸಿಕ್ಕಿಬಿದ್ದವಳಂತೆ ಹೇಳಿದಳು.

ಅವನು ದಾರಿಯಲ್ಲೇ ಕುಳಿತುಬಿಟ್ಟ. ಆಮೇಲೆ ಅವಳನ್ನು ಬೆನ್ನ ಮೇಲೆ ಹೊತ್ತು ಮನೆಗೆ ಒಯ್ದ. ಅವಳ ತೂಕ ನಾಲ್ಕು ಕಂಬಳಿಯಷ್ಟೂ ಇರಲಿಲ್ಲವಂತೆ.

ಅಂದೇ ಪಂಡಿತನನ್ನು ಕರೆಸಿದ. ಆಕಳು ಕಟ್ಟಿದ. ಮಗ್ಗ ಬಿಟ್ಟು ಒಲೆಯ ಮುಂದೆ ಕುಳಿತು, ತಿಪ್ಪವ್ವನಿಂದ ರೊಟ್ಟಿ ತಟ್ಟುವುದನ್ನು ಕಲಿತ. ಮೊದಲ ದಿನದ ರೊಟ್ಟಿ ನೋಡಿ ತಿಪ್ಪವ್ವ, "ಇದು ರೊಟ್ಟಿಯೋ, ನಾಗರಕಟ್ಟಿ ಸೀಮಿ ನಕ್ಷೆಯೋ?" ಎಂದಳು. ಮಾಯವ್ವ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಹನ್ನೆರಡು ವರ್ಷವಾಗಿತ್ತು. ಅವನು ತುತ್ತು ಮಾಡಿ ಉಣಿಸುತ್ತಿದ್ದ. ಅವಳು ಎರಡು ತುತ್ತಿಗೆ "ಸಾಕು" ಎನ್ನುತ್ತಿದ್ದಳು. ನಿಜಕ್ಕೂ ಸಾಕೋ, ಉಳಿಸಲೆಂದು ಸಾಕೋ ಅವನಿಗೆ ತಿಳಿಯುತ್ತಿರಲಿಲ್ಲ. ಕೇಳಿದರೆ ಅವಳಿಗೂ ತಿಳಿಯುತ್ತಿರಲಿಲ್ಲ.

ದೀಪಾವಳಿಗೆ ಹೋಳಿಗೆ ಮಾಡಿಸಿದ. ಅವಳು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡು, "ಸಿಹಿ ಭಾಳ ಐತಿ" ಎಂದಳು. ಅದಾದ ಹನ್ನೊಂದನೆಯ ದಿನ ಅವನ ತೊಡೆಯ ಮೇಲೆ ತಲೆಯಿಟ್ಟು ಶಿವನ ಪಾದ ಸೇರಿದಳು. ಅಜ್ಜನವರು ತಾವೇ ನಡೆದು ಬಂದು ಮೊದಲ ಹಿಡಿ ಮಣ್ಣು ಹಾಕಿದರು. ಮಂಟಪದಲ್ಲಿ ಮಾತು ಕೊಟ್ಟಂದಿನಿಂದ ತಾವು ಲಿಂಗೈಕ್ಯರಾಗುವವರೆಗೆ, ಜ್ವರ ಬಂದರೂ ಬಿಡದೆ, ಬುಧವಾರದ ಉಪವಾಸವನ್ನು ನಡೆಸಿದರು. ಯಾವ ದೇವರ ವಾರವೆಂದು ಭಕ್ತರು ಕೇಳಿದರೆ, "ಒಬ್ಬ ತಾಯಿಯದು" ಎನ್ನುತ್ತಿದ್ದರು.

ಮಾಳಿಂಗಪ್ಪ ಮತ್ತೆ ಮಗ್ಗಕ್ಕೆ ಕುಳಿತ. ದುಂದು ಮಾಡಲಿಲ್ಲ, ಮತ್ತೆ ಸಾಲಕ್ಕೂ ಹೋಗಲಿಲ್ಲ. ಮೊದಲಿನಂತೆಯೇ ಅಷ್ಟಿಷ್ಟು ಕೂಡಿಟ್ಟ. ಆದರೆ ಊರಲ್ಲಿ ಯಾರ ಮನೆ ಸಾಲಕ್ಕೆ ಬಿದ್ದಿದೆಯೆಂದು ಕಿವಿಗೆ ಬಿದ್ದರೂ, ಒಂದು ಚೀಲ ಜೋಳ ಹೊತ್ತು ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಗಂಡಸರನ್ನು ಮಾತಾಡಿಸುತ್ತಿರಲಿಲ್ಲ. ಒಲೆಯ ಮುಂದಿನ ಹೆಣ್ಣುಮಗಳನ್ನು ಕರೆದು, "ತಂಗೀ, ಉಂಡ್ಯಾ?" ಎನ್ನುತ್ತಿದ್ದ. "ಹೂನಣ್ಣ" ಎಂದರೆ ಹೋಗುತ್ತಿರಲಿಲ್ಲ. "ನನ್ನ ಮುಂದ ಉಣ್ಣು" ಎಂದು ಅಂಗಳದಲ್ಲಿ ಕುಳಿತುಬಿಡುತ್ತಿದ್ದ. ಮೊದಮೊದಲು ಜನ ಹುಚ್ಚ ಮಾಳಿಂಗನೆಂದು ನಕ್ಕರು. ಆಮೇಲೆ ನಗಲಿಲ್ಲ.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಕೈಮುಗಿದು ಬೇಡುತ್ತೇನೆ. ಸಾಲ ತೀರಿಸಿ ಈಗಷ್ಟೇ ಉಸಿರು ಬಿಟ್ಟವರ ಮನೆಯಲ್ಲಿ ಮೊದಲು ಹೇಳಿರಿ. ಹೇಳುವಾಗ ದನಿಯನ್ನು ತುಸು ಎತ್ತರಿಸಿ, ಅಡುಗೆಮನೆಗೂ ಕೇಳಲಿ.